ಶುಲ್ಕವಿಲ್ಲದ ತರಬೇತಿ, ತಲುಪದ ವಿದ್ಯಾರ್ಥಿ

(ಧರ್ಮಪುರದಲ್ಲಿ ನಡೆದ ನಮ್ಮ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ, ಪ್ರತಿಭಾ ಪುರಸ್ಕಾರದ ನಂತರ ಮಾಡಿದ ಭಾಷಣ)

 

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ.ಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಈಗಷ್ಟೇ ಹಿರಿಯರು ಬಹುಮಾನ ಕೊಟ್ಟರು. ಅವರಿಗೂ ಅವರ ತಂದೆತಾಯಿಯರಿಗೂ ಅಭಿನಂದನೆಗಳು. ಆದರೆ ಈ ದಿನ ನನಗೆ ಕೊಟ್ಟಿರುವ ವಿಷಯ ಈ ವೇದಿಕೆಯನ್ನು ಹತ್ತದ ಮಕ್ಕಳಿಗೆ ಸೇರಿದ್ದು. ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯ ಉಳಿಸಿಕೊಂಡ ಹುಡುಗ, ಏಳನೇ ತರಗತಿಯ ನಂತರ ಮನೆಯಲ್ಲೇ ಉಳಿದ ಹುಡುಗಿ, ಪಿ.ಯು.ಸಿ. ಪಾಸಾಗಿಯೂ ಮುಂದೆ ಓದಲು ಅನುಕೂಲವಿಲ್ಲದೆ ಅಂಗಡಿಯಲ್ಲಿ ನಿಂತವನು, ಇವರೂ ನಮ್ಮ ಮಕ್ಕಳೇ. ಇವರು ಮೂರು ತಿಂಗಳಲ್ಲೋ ಆರು ತಿಂಗಳಲ್ಲೋ ಒಂದು ಕಸುಬು ಕಲಿತು ಸ್ವಂತ ಕಾಲ ಮೇಲೆ ನಿಲ್ಲಬೇಕೆಂದರೆ, ಆ ಕಲಿಕೆಯ ಖರ್ಚಿಗೆ ಸರ್ಕಾರ ಏನು ಕೊಡುತ್ತದೆ, ಏನು ಕೊಡುವುದಿಲ್ಲ, ಉಳಿದದ್ದನ್ನು ನಾವು ಏನು ಮಾಡಬಹುದು ಎಂಬ ಬಗ್ಗೆ ನಾಲ್ಕು ಮಾತು ಹೇಳಲು ಬಯಸುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಸ್ವಾತಂತ್ರ್ಯದ ನಂತರ 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾಗಿ ದೇಶದಲ್ಲಿ ಐ.ಟಿ.ಐ.ಗಳು ಬಂದವು. ಎಲೆಕ್ಟ್ರಿಷಿಯನ್, ಫಿಟ್ಟರ್ ಮುಂತಾದವು ಎರಡು ವರ್ಷದವು. ವೆಲ್ಡರ್‌ನಂಥವು ಒಂದು ವರ್ಷದವು. ಅಷ್ಟು ಕಾಲ ಕೂತು ಕಲಿಯಲಾಗದವರಿಗೆ ಬಹಳ ವರ್ಷ ಹೆಚ್ಚಿನ ದಾರಿಗಳಿರಲಿಲ್ಲ. ಅಂಥ ಒಂದು ಒಳ್ಳೆಯ ದಾರಿಯನ್ನು ನಮ್ಮ ಕರ್ನಾಟಕ ತೋರಿಸಿತು ಎಂಬುದು ಹೆಮ್ಮೆಯ ಸಂಗತಿ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದವು. ನಿರುದ್ಯೋಗಿ ಯುವಕರನ್ನು ಕೆಲವು ವಾರ ಅಲ್ಲೇ ಇರಿಸಿಕೊಂಡು, ಊಟ ಹಾಕಿ, ಶುಲ್ಕವಿಲ್ಲದೆ ಕಸುಬು ಕಲಿಸಿ, ಆಮೇಲೆ ಬ್ಯಾಂಕ್ ಸಾಲಕ್ಕೂ ನೆರವಾಗುವುದು ಅದರ ಕ್ರಮ. ಅದು ಯಶಸ್ವಿಯಾದ್ದರಿಂದ 2009ರಲ್ಲಿ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಅದೇ ಮಾದರಿಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ತೆರೆಯಿಸಲು ಮುಂದಾಯಿತು. ನಮ್ಮ ಚಿತ್ರದುರ್ಗದಲ್ಲೂ ರುಡ್‌ಸೆಟ್ ಸಂಸ್ಥೆ ಇದೆ.

ಅದಾದ ಮೇಲೆ ಯೋಜನೆಗಳು ಸಾಲುಸಾಲಾಗಿ ಬಂದವು. 2013ರಲ್ಲಿ ಅಲ್ಪಸಂಖ್ಯಾತರ ಸಚಿವಾಲಯ 'ಸೀಖೋ ಔರ್ ಕಮಾವೋ' ಎಂಬ ತರಬೇತಿಯನ್ನು ತಂದಿತು. ತರಬೇತಿ ಪಡೆದವರಲ್ಲಿ ನೂರಕ್ಕೆ 75 ಜನರಿಗೆ ಕೆಲಸ ದೊರಕಿಸಬೇಕು ಎಂಬುದು ಅದರ ಷರತ್ತಾಗಿತ್ತು. ಮುಂದೆ ಅದನ್ನು ಪಿ.ಎಂ. ವಿಕಾಸ್ ಎಂಬ ಯೋಜನೆಯಲ್ಲಿ ಸೇರಿಸಲಾಯಿತು. 2014ರಲ್ಲಿ ಗ್ರಾಮೀಣ ಬಡ ಯುವಜನರಿಗಾಗಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಬಂತು. ಅದರಲ್ಲಿ ಅಲ್ಪಸಂಖ್ಯಾತರಿಗೆ ಶೇ. 15ರಷ್ಟು ಪಾಲನ್ನು ಎತ್ತಿಡಲಾಗಿತ್ತು. 2015ರಲ್ಲಿ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ, 2017ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ ಆರಂಭವಾದವು. ಹೆಸರುಗಳು ಬೇರೆಬೇರೆಯಾದರೂ ತಿರುಳು ಒಂದೇ. ಕಲಿಯುವವನು ಶುಲ್ಕ ಕೊಡಬೇಕಿಲ್ಲ. ಅವನ ಪರವಾಗಿ ಸರ್ಕಾರವೇ ತರಬೇತಿ ಕೇಂದ್ರಕ್ಕೆ ಹಣ ಕಟ್ಟುತ್ತದೆ.

ಇಷ್ಟಿದ್ದರೂ ನಮ್ಮ ಊರುಗಳಿಂದ ಹೋಗಿ ಕಲಿತು ಬಂದವರು ಎಷ್ಟು ಜನ? ಸಭೆಯಲ್ಲಿರುವವರು ತಮ್ಮ ಬೀದಿಯಲ್ಲೇ ಎಣಿಸಿ ನೋಡಬಹುದು. ಶುಲ್ಕವಿಲ್ಲ ಎಂದ ಮೇಲೂ ಮಕ್ಕಳು ಯಾಕೆ ಹೋಗುವುದಿಲ್ಲ? ಸೋಮಾರಿಗಳು ಎಂದು ಬೈಯುವುದು ಸುಲಭ. ಅದಕ್ಕಿಂತ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಧರ್ಮಪುರದ ಹುಡುಗನೊಬ್ಬ ಹಿರಿಯೂರಿನಲ್ಲೋ ಚಿತ್ರದುರ್ಗದಲ್ಲೋ ಮೂರು ತಿಂಗಳ ತರಬೇತಿಗೆ ಸೇರುತ್ತಾನೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 25 ದಿನದಂತೆ 75 ದಿನ. ಹೋಗಿ ಬರುವ ಬಸ್ಸಿಗೆ ದಿನಕ್ಕೆ 100 ರೂಪಾಯಿ ಹಿಡಿದರೆ 7,500 ರೂಪಾಯಿ. ಮಧ್ಯಾಹ್ನದ ಊಟ, ಟೀಗೆ 50 ರೂಪಾಯಿಯಂತೆ 3,750. ಇದಿಷ್ಟು ಕೈಯಿಂದ ಹೋಗುವುದು. ಅವನು ಗಾರೆ ಕೆಲಸಕ್ಕೋ ಶೇಂಗಾ ಕೀಳುವುದಕ್ಕೋ ಹೋಗಿ ದಿನಕ್ಕೆ 400 ರೂಪಾಯಿ ತರುತ್ತಿದ್ದರೆ, ಮನೆಗೆ ಬರಬೇಕಾದ 30,000 ರೂಪಾಯಿ ನಿಂತುಹೋಗುತ್ತದೆ. ಒಟ್ಟು 41,250 ರೂಪಾಯಿ. ಶುಲ್ಕವಿಲ್ಲದ ತರಬೇತಿಯ ನಿಜವಾದ ಬೆಲೆ ಇದು. ಇದನ್ನು ಭರಿಸುವವರು ಆ ಮನೆಯವರು. ತಂದೆ ಹಾಸಿಗೆ ಹಿಡಿದಿದ್ದರೆ, ತಂಗಿಯ ಮದುವೆ ಹತ್ತಿರ ಬಂದಿದ್ದರೆ, ಆ ಹುಡುಗ ಹದಿನೈದು ದಿನಕ್ಕೆ ತರಬೇತಿ ಬಿಟ್ಟು ಕೂಲಿಗೆ ಮರಳುತ್ತಾನೆ. ಕೇಂದ್ರದ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿ ಎಂದು ಬರೆಯುತ್ತಾರೆ. ಅವನ ಮನೆಯ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. 2023ರ ಜೂನ್ 11ರಿಂದ ರಾಜ್ಯದಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲದಂತಾಯಿತು. ಇದು ದೊಡ್ಡ ಉಪಕಾರ. ಆದರೆ ಖಾಸಗಿ ಬಸ್ಸನ್ನೇ ನೆಚ್ಚಿಕೊಂಡ ನಮ್ಮ ಕಡೆಯ ಹಳ್ಳಿಗಳಿಗೆ ಆ ಉಪಕಾರ ಅರ್ಧ ಮಾತ್ರ ತಲುಪುತ್ತದೆ. ಸಂಜೆ ತರಬೇತಿ ಮುಗಿಸಿ ಕತ್ತಲಾಗುವುದರೊಳಗೆ ಮನೆ ಸೇರುವ ಬಸ್ಸು ಇದೆಯೇ ಎಂಬುದೇ ತಾಯಂದಿರ ಮೊದಲ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವಿಲ್ಲದೆ 'ಹೆಣ್ಣುಮಕ್ಕಳನ್ನು ಕಳಿಸಿ' ಎಂದು ಭಾಷಣ ಮಾಡಿ ಪ್ರಯೋಜನವಿಲ್ಲ.

ಹಾಗಾದರೆ ಸರ್ಕಾರಕ್ಕೆ ಈ ಲೆಕ್ಕ ತಿಳಿದಿಲ್ಲವೇ? ಕೆಲವು ಕಡೆ ತಿಳಿದಿದೆ. ಗ್ರಾಮೀಣ ಕೌಶಲ್ಯ ಯೋಜನೆಯ ನಿಯಮದಲ್ಲಿ ವಸತಿಯಿಲ್ಲದ ತರಬೇತಿಗೆ ಬರುವವರ ಊಟ ಮತ್ತು ಓಡಾಟದ ಭತ್ಯೆಯನ್ನು ಸೇರಿಸಲಾಗಿತ್ತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದರ್ಜಿ, ಕಮ್ಮಾರ, ಗಾರೆ ಕೆಲಸದವರು, ಕ್ಷೌರಿಕರು ಸೇರಿದಂತೆ 18 ಕಸುಬಿನವರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಎಂದು ಗೊತ್ತುಮಾಡಿತು. ಕಸುಬುದಾರ ಐದು ದಿನ ಅಂಗಡಿ ಮುಚ್ಚಿದರೆ ಐದು ದಿನದ ಗಂಜಿ ನಿಲ್ಲುತ್ತದೆ ಎಂಬ ತಿಳಿವಳಿಕೆ ಆ ನಿಯಮದಲ್ಲಿದೆ. ಆದರೆ ಅದು ಆಗಲೇ ಕಸುಬು ಬಲ್ಲವರಿಗೆ. ಹೊಸದಾಗಿ ಕಲಿಯಲು ಬಂದ ಹದಿನೆಂಟರ ಹುಡುಗನಿಗಲ್ಲ.

ಇನ್ನು ವಿದ್ಯಾರ್ಥಿವೇತನದ ಕಡೆ ನೋಡೋಣ. ಸಾಚಾರ್ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಬಂತು. ಐ.ಟಿ.ಐ. ಪ್ರವೇಶಕ್ಕೆ ಎಂಟನೇ ತರಗತಿಯೇ ಸಾಕಾಗಬೇಕು, ಮದರಸಾದಲ್ಲಿ ಓದಿದವರಿಗೂ ಕಸುಬಿನ ತರಬೇತಿಯ ಬಾಗಿಲು ತೆರೆಯಬೇಕು ಎಂದು ಆ ವರದಿ ಹೇಳಿತು. ನಂತರ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬಂತು. ಅದರ ನಿಯಮದಲ್ಲಿ ಪಿ.ಯು.ಸಿ. ಮಟ್ಟದ ತಾಂತ್ರಿಕ, ವೃತ್ತಿ ಶಿಕ್ಷಣಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಶುಲ್ಕ ಸಿಗುತ್ತಿತ್ತು. ಐ.ಟಿ.ಐ. ಸೇರಿದ ಮಗುವಿಗೆ ಅದು ದೊರೆಯಬಹುದಿತ್ತು. ಆದರೆ ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಸರ್ಟಿಫಿಕೇಟ್ ಕೋರ್ಸಿಗೆ ಅದು ಅನ್ವಯಿಸುತ್ತಿರಲಿಲ್ಲ. ಅದೂ ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ ಬಂದಿದ್ದರೆ ಮಾತ್ರ. ಆ ವಿದ್ಯಾರ್ಥಿವೇತನ ಈಚಿನ ವರ್ಷಗಳಲ್ಲಿ ಮೊದಲಿನಂತೆ ನಡೆದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ರಾಜ್ಯದ ಅರಿವು ಸಾಲ ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಕೋರ್ಸುಗಳಿಗೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ಪದವೀಧರರಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಎಲ್ಲವೂ ಒಳ್ಳೆಯ ಯೋಜನೆಗಳೇ. ಆದರೆ ಒಂದರ ಪಕ್ಕ ಒಂದನ್ನಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹೆಚ್ಚು ವರ್ಷ ಓದಬಲ್ಲವನಿಗೆ ನೆರವು ಕೈಗೆ ಬರುತ್ತದೆ. ಕಡಿಮೆ ಕಾಲದಲ್ಲಿ ಕಲಿತು ದುಡಿಯಬೇಕಾದವನ ನೆರವು ತರಬೇತಿ ಕೇಂದ್ರದ ಖಾತೆಗೆ ಹೋಗುತ್ತದೆ, ಅವನ ಕೈಗೆ ಎಷ್ಟೋ ಕಡೆ ಬಸ್ಸಿನ ದುಡ್ಡೂ ಬರುವುದಿಲ್ಲ.

ನಮ್ಮ ಸಂಸ್ಥೆಯೂ ಸೇರಿದಂತೆ ಸಮುದಾಯದ ಸಂಸ್ಥೆಗಳು ಇದೇ ಕ್ರಮವನ್ನು ಅನುಸರಿಸುತ್ತ ಬಂದಿವೆ. ಅಂಕ ಹೆಚ್ಚಿದ್ದರೆ ಬಹುಮಾನ, ಬಿ.ಇ. ಸೀಟು ಸಿಕ್ಕರೆ ಧನಸಹಾಯ. ಅದನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಹುಂಡಿ ಇಡಬೇಕು ಎನ್ನುತ್ತಿದ್ದೇನೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹಿರಿಯರೊಬ್ಬರು ನನ್ನೊಡನೆ ಇದನ್ನು ನೇರವಾಗಿಯೇ ಕೇಳಿದ್ದಾರೆ. "ನಮ್ಮ ಹುಡುಗರು ಮೊದಲೇ ಗ್ಯಾರೇಜು, ಪಂಕ್ಚರ್ ಅಂಗಡಿ ಎಂದು ಉಳಿದಿದ್ದಾರೆ. ನೀವೂ ಅಲ್ಲಿಗೇ ಕಳಿಸುತ್ತೀರಾ? ಡಾಕ್ಟರು, ಕಲೆಕ್ಟರು ಆಗುವುದು ಬೇಡವೇ?" ಈ ಮಾತಿನ ಹಿಂದೆ ನೋವಿದೆ, ಅದನ್ನು ತಳ್ಳಿಹಾಕಲಾಗದು. ನನ್ನ ಉತ್ತರ ಇಷ್ಟು. ಶಾಲೆಯಲ್ಲಿ ಓದುತ್ತಿರುವ ಮಗುವನ್ನು ಬಿಡಿಸಿ ಮೂರು ತಿಂಗಳ ತರಬೇತಿಗೆ ಕಳಿಸುವುದು ತಪ್ಪು. ಎರಡು ವರ್ಷದ ಐ.ಟಿ.ಐ. ಸೇರಬಲ್ಲವನಿಗೆ ಎರಡು ತಿಂಗಳ ಕೋರ್ಸು ಸಾಕು ಎನ್ನುವುದೂ ತಪ್ಪು. ಆದರೆ ಆಗಲೇ ಶಾಲೆ ಬಿಟ್ಟವನು ಗ್ಯಾರೇಜಿನಲ್ಲಿ ಹತ್ತು ವರ್ಷ 'ಹುಡುಗ'ನಾಗಿಯೇ ಉಳಿಯುವುದಕ್ಕೂ, ಕಲಿತು ಪ್ರಮಾಣಪತ್ರ ಹಿಡಿದು ಮೆಕ್ಯಾನಿಕ್ ಆಗುವುದಕ್ಕೂ ವ್ಯತ್ಯಾಸವಿದೆ. ನಮ್ಮದು ಬೋರ್‌ವೆಲ್ ನಂಬಿದ ಬಯಲು ಸೀಮೆ. ಇಲ್ಲಿ ಮೋಟಾರು ಸುಡದ ಬೇಸಿಗೆ ಇಲ್ಲ. ಮೋಟಾರ್ ರಿವೈಂಡಿಂಗ್ ಚೆನ್ನಾಗಿ ಬಲ್ಲವನು ಕೈಕಟ್ಟಿ ಕೂರುವ ಪ್ರಸಂಗ ಬರಲಾರದು. ಕಸುಬು ಕೀಳಲ್ಲ. ಅರ್ಧಂಬರ್ಧ ಕಲಿತು ಅದರಲ್ಲೇ ಸಿಕ್ಕಿಕೊಳ್ಳುವುದು ಕಷ್ಟ.

ಭಾಷಾ ಶಿಕ್ಷಣದಲ್ಲಿ ಇರುವ ನನಗೆ ಇನ್ನೊಂದು ತೊಡಕು ಕಾಣುತ್ತದೆ. ಉರ್ದು ಮಾಧ್ಯಮದ ಹುಡುಗನಿಗೆ ಗ್ಯಾರೇಜಿನ ಪಾನಾ, ಪೇಚ್‌ಕಸ್ ಎಂಬ ಮಾತುಗಳು ಗೊತ್ತು. ತರಬೇತಿಯ ಪುಸ್ತಕದಲ್ಲಿ ಸ್ಪ್ಯಾನರ್, ಸ್ಕ್ರೂ ಡ್ರೈವರ್ ಎಂದಿರುತ್ತದೆ. ಮೇಷ್ಟ್ರು ಪಾಠ ಮಾಡುವುದು ಕನ್ನಡದಲ್ಲಿ. ಕೈ ಕೆಲಸ ಬಲ್ಲದು, ಬಾಯಿ ಹೆಸರು ಹೇಳದು. ಕೊನೆಯ ಪರೀಕ್ಷೆಯಲ್ಲಿ ಅವನು ಹಿಂದೆ ಬೀಳುವುದು ಕಸುಬಿನಿಂದಲ್ಲ, ಪದಗಳಿಂದ. ತರಬೇತಿಗೆ ಮುಂಚೆ ಹದಿನೈದು ದಿನ ಸಂಜೆ ಹೊತ್ತು ಕನ್ನಡದ ಓದು, ಸಲಕರಣೆಗಳ ಹೆಸರು, ಅಳತೆಪಟ್ಟಿ ಓದುವುದು, ಭಿನ್ನರಾಶಿಯ ಲೆಕ್ಕ ಇಷ್ಟನ್ನು ಹೇಳಿಕೊಟ್ಟರೆ ಸಾಕು. ಇದಕ್ಕೆ ದುಡ್ಡು ಬೇಡ. ನಮ್ಮಂಥ ಶಿಕ್ಷಕರ ಸಮಯ ಬೇಕು. ನಾನು ನನ್ನ ಸಂಜೆಗಳನ್ನು ಕೊಡಲು ಸಿದ್ಧ.

ಇನ್ನು ಎಚ್ಚರಿಕೆಯ ಮಾತು. ಪುಕ್ಕಟೆ ಎಂದ ಕೂಡಲೇ ಸೇರಿಬಿಡುವುದು ಬೇಡ. ವಿದ್ಯಾರ್ಥಿ ದುಡ್ಡು ಕೊಡದಿರಬಹುದು, ತನ್ನ ಆಯುಷ್ಯದ ಮೂರು ತಿಂಗಳು ಕೊಡುತ್ತಾನೆ. ಪ್ರಧಾನಮಂತ್ರಿ ಕೌಶಲ್ಯ ಯೋಜನೆಯ ಎರಡನೇ ಹಂತದಲ್ಲಿ ಕೇಂದ್ರಗಳಿಗೆ ಹಣವನ್ನು ಕಂತಿನಲ್ಲಿ ಕೊಡುತ್ತಿದ್ದರು. ತರಬೇತಿ ಆರಂಭವಾದಾಗ ಶೇ. 30, ಪ್ರಮಾಣಪತ್ರ ಸಿಕ್ಕಾಗ ಶೇ. 50, ಕೆಲಸ ಸಿಕ್ಕ ಮೇಲೆ ಉಳಿದ ಶೇ. 20. ಅಂದರೆ ಕೆಲಸ ಸಿಗದಿದ್ದರೂ ಕೇಂದ್ರಕ್ಕೆ ಹೆಚ್ಚಿನ ಪಾಲು ಬಂದಿರುತ್ತಿತ್ತು. ನಾಲ್ಕನೇ ಹಂತದಲ್ಲಿ ಕೆಲಸಕ್ಕೂ ಹಣಕ್ಕೂ ಇದ್ದ ಆ ನಂಟನ್ನೂ ತೆಗೆದರು.

ಇದೇ ಪ್ರಶ್ನೆ ಬೇರೆ ದೇಶಗಳಲ್ಲೂ ಇದೆ. ಅಮೆರಿಕದಲ್ಲಿ ಬಡ ವಿದ್ಯಾರ್ಥಿಗಳಿಗೆ 1972ರಿಂದ ಪೆಲ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಹಾಯಧನವಿದೆ. 15 ವಾರಕ್ಕಿಂತ ಕಡಿಮೆಯ ತರಬೇತಿಗೆ ಅದು ಸಿಗುತ್ತಿರಲಿಲ್ಲ. 2025ರ ಜುಲೈ 4ರಂದು ಆದ ಕಾನೂನು, 2026ರ ಜುಲೈ 1ರಿಂದ 8 ವಾರದ ತರಬೇತಿಗೂ ಅದನ್ನು ಕೊಡಬಹುದೆಂದು ಗೊತ್ತುಮಾಡಿತು. ಆದರೆ ಷರತ್ತು ಹಾಕಿತು. ಸೇರಿದವರಲ್ಲಿ ನೂರಕ್ಕೆ 70 ಜನ ತರಬೇತಿ ಮುಗಿಸಿರಬೇಕು, ನೂರಕ್ಕೆ 70 ಜನರಿಗೆ ಕೆಲಸ ಸಿಕ್ಕಿರಬೇಕು. ಶ್ರೀಮಂತ ದೇಶವೇ ಇಷ್ಟು ಲೆಕ್ಕ ಕೇಳುವಾಗ ಬಡವರಾದ ನಾವು ಕೇಳದಿದ್ದರೆ ಹೇಗೆ?

ಆದ್ದರಿಂದ ವಿದ್ಯಾರ್ಥಿಗಳೇ, ಸೇರುವ ಮೊದಲು ಐದು ಪ್ರಶ್ನೆ ಕೇಳಿ. ಒಂದು, ಪ್ರಮಾಣಪತ್ರ ಕೊಡುವವರು ಯಾರು, ಅದಕ್ಕೆ ಸರ್ಕಾರದ ಮನ್ನಣೆ ಇದೆಯೇ? ಎರಡು, ಒಟ್ಟು ಎಷ್ಟು ಗಂಟೆ, ಅದರಲ್ಲಿ ಕೈಯಿಂದ ಮಾಡಿ ಕಲಿಯುವುದು ಎಷ್ಟು? ಮೂರು, ಯಂತ್ರಗಳು ಕೇಂದ್ರದಲ್ಲಿ ಇವೆಯೇ, ಅಥವಾ ಗೋಡೆಯ ಮೇಲಿನ ಚಿತ್ರದಲ್ಲಿವೆಯೇ? ನಾಲ್ಕು, ಹಿಂದಿನ ತಂಡದಲ್ಲಿ ಕಲಿತವರು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರನ್ನಾದರೂ ಕಂಡು ಮಾತನಾಡಿ. ಐದು, ಊಟ, ವಸತಿ, ಭತ್ಯೆ ಏನಾದರೂ ಇದೆಯೇ, ಯಾವಾಗ ಖಾತೆಗೆ ಬರುತ್ತದೆ? ಸರ್ಕಾರಿ ಯೋಜನೆ ಎಂದು ಹೇಳಿ 'ನೋಂದಣಿಗೆ ಸ್ವಲ್ಪ ಕೊಡಿ' ಎಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸಾಧ್ಯವಿದ್ದರೆ ಅಪ್ರೆಂಟಿಸ್ ಆಗುವ ಬಗ್ಗೆಯೂ ವಿಚಾರಿಸಿ. 1961ರ ಅಪ್ರೆಂಟಿಸ್ ಕಾಯಿದೆಯಡಿ ಕಲಿಯುವವನಿಗೆ ಭತ್ಯೆ ಕೊಡಲೇಬೇಕು. 2019ರ ನಿಯಮ ತಿದ್ದುಪಡಿಯಲ್ಲಿ ಅದನ್ನು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿ ಎಂದು ನಿಗದಿ ಮಾಡಿದ್ದರು.

ಕೊನೆಯದಾಗಿ, ಸಂಸ್ಥೆಯ ಸದಸ್ಯರ ಮುಂದೆ ಮೂರು ವಿನಂತಿಗಳು.

ಮೊದಲನೆಯದು ಪ್ರಯಾಣ ನಿಧಿ. ಒಬ್ಬ ವಿದ್ಯಾರ್ಥಿಗೆ ಬಸ್ಸು ಮತ್ತು ಊಟಕ್ಕೆ ದಿನಕ್ಕೆ 150 ರೂಪಾಯಿಯಂತೆ 75 ದಿನಕ್ಕೆ 11,250 ರೂಪಾಯಿ ಆಗುತ್ತದೆ. ವರ್ಷಕ್ಕೆ ಹತ್ತು ಮಕ್ಕಳಿಗೆ 1,12,500 ರೂಪಾಯಿ. ಕೂಲಿಯ ನಷ್ಟವನ್ನು ನಾವು ತುಂಬಲಾರೆವು, ಬಸ್ಸಿನ ದಾರಿಯನ್ನಾದರೂ ತೆರೆಯಬಹುದು. ಹಣವನ್ನು ಒಮ್ಮೆಗೇ ಕೊಡದೆ, ಹಾಜರಿ ನೋಡಿ ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಅಂಕಪಟ್ಟಿ ಕೇಳಬಾರದು. ಹೆಣ್ಣುಮಕ್ಕಳಿಗೆ, ತಂದೆಯಿಲ್ಲದವರಿಗೆ, ಎಸ್.ಎಸ್.ಎಲ್.ಸಿ. ಫೇಲಾದವರಿಗೆ ಮೊದಲ ಸ್ಥಾನ ಇರಬೇಕು. ಬೇರೆ ಯೋಜನೆಯಿಂದ ಭತ್ಯೆ ಬರುವವರಿಗೆ ಇದು ಬೇಡ.

ಎರಡನೆಯದು ಕಾಗದಪತ್ರಗಳ ನೆರವು. ನಮ್ಮ ಮಕ್ಕಳ ಹೆಸರು ಶಾಲೆಯ ದಾಖಲೆಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎಂ.ಡಿ. ಎಂದಿರುತ್ತದೆ. ಬೇಗಂ, ಬಾನು, ಬೀ ಎಂಬಲ್ಲಿಯೂ ಇದೇ ಕಥೆ. ಒಂದೇ ಅಕ್ಷರದ ವ್ಯತ್ಯಾಸಕ್ಕೆ ಭತ್ಯೆಯ ಹಣ ಖಾತೆಗೆ ಬಾರದೆ ನಿಲ್ಲುತ್ತದೆ. ವರ್ಷಕ್ಕೆರಡು ಭಾನುವಾರ ಸಂಸ್ಥೆಯವರು ಕುಳಿತು ಹೆಸರು ತಾಳೆ ನೋಡುವುದು, ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ತುಂಬುವುದು, ಆಧಾರ್ ಮತ್ತು ಖಾತೆಯ ಜೋಡಣೆ ಮಾಡಿಸುವುದು ಇಷ್ಟನ್ನು ಮಾಡಿದರೆ ದೊಡ್ಡ ಕೆಲಸವಾಗುತ್ತದೆ. ಶಿಕ್ಷಕರಾದ ನಾವು ದಾಖಲಾತಿಯ ದಿನವೇ ಹೆಸರನ್ನು ಆಧಾರ್ ನೋಡಿ ಬರೆದರೆ ಮುಂದಿನ ಹತ್ತು ವರ್ಷದ ಅಲೆದಾಟ ತಪ್ಪುತ್ತದೆ.

ಮೂರನೆಯದು ಜೊತೆಗಾರಿಕೆ. ವಸತಿಯಿರುವ ತರಬೇತಿಗೆ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಕಳಿಸಲು ತಾಯಂದಿರು ಹೆದರುವುದು ಸಹಜ. ಒಂದೇ ಊರಿನ ಮೂರು ನಾಲ್ಕು ಜನ ಒಟ್ಟಿಗೆ ಹೋಗಲಿ. ಮೊದಲು ನಮ್ಮ ಮಹಿಳಾ ಸದಸ್ಯರು ಹೋಗಿ ವಸತಿಯನ್ನು ನೋಡಿ ಬರಲಿ. ಅವರು 'ನಾನು ನೋಡಿ ಬಂದಿದ್ದೇನೆ' ಎಂದು ಮನೆಗೆ ಬಂದು ಹೇಳುವ ಒಂದು ಮಾತು ನಮ್ಮ ನೂರು ಕರಪತ್ರಗಳಿಗೆ ಸಮ.

ಮಾನ್ಯರೇ, ಸರ್ಕಾರ ಶುಲ್ಕ ಕಟ್ಟುತ್ತದೆ. ಅದು ಸಣ್ಣ ವಿಷಯವಲ್ಲ, ಅದನ್ನು ಕೃತಜ್ಞತೆಯಿಂದ ಪಡೆಯೋಣ. ಕಲಿಯುವವನ ಕೈಗೂ ಭತ್ಯೆ ಬರಬೇಕು, ಒಂದು ವರ್ಷಕ್ಕಿಂತ ಕಡಿಮೆಯ ಕಲಿಕೆಯನ್ನೂ ಕಲಿಕೆ ಎಂದು ಎಣಿಸಬೇಕು ಎಂದು ನಮ್ಮ ಜನಪ್ರತಿನಿಧಿಗಳ ಮುಂದೆ ಮನವಿ ಇಡೋಣ. ಆ ಮನವಿ ಈಡೇರುವವರೆಗೆ ಮನೆಯ ಬಾಗಿಲಿನಿಂದ ತರಬೇತಿಯ ಬಾಗಿಲಿನವರೆಗಿನ ದಾರಿ ನಮ್ಮ ಜವಾಬ್ದಾರಿ. ಮುಂದಿನ ವರ್ಷ ಇದೇ ಸಮಾರಂಭದಲ್ಲಿ ಹೆಚ್ಚು ಅಂಕ ಪಡೆದವರ ಜೊತೆಗೆ, ಕಸುಬು ಕಲಿತು ಬಂದ ಹತ್ತು ಮಕ್ಕಳ ಹೆಸರನ್ನೂ ಕರೆಯುವಂತಾಗಲಿ.